ಸಹಿಯ ಹೊಣೆ

ಚೀನಾದ ಷಿಆನ್ ನಗರದ ಹತ್ತಿರ 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನಿಕರ ವಿಷಯ ಎಲ್ಲರಿಗೂ ಗೊತ್ತು. ಆ ಸೈನಿಕರ ಮೈಮೇಲೆ ಹೆಸರುಗಳಿವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೆಲವನ್ನು ಹಸಿಮಣ್ಣಿನಲ್ಲಿ ಮುದ್ರೆಯಾಗಿ ಒತ್ತಿದ್ದಾರೆ, ಕೆಲವನ್ನು ಚೂಪಾದ ಮೊನೆಯಿಂದ ಗೀರಿದ್ದಾರೆ. ಹೀಗೆ 80ಕ್ಕೂ ಹೆಚ್ಚು ಕುಶಲಕರ್ಮಿಗಳ ಹೆಸರುಗಳು ಸಿಕ್ಕಿವೆ. ಅವರು ಹೆಮ್ಮೆಗಾಗಿ ಹೆಸರು ಹಾಕಿಕೊಂಡವರಲ್ಲ. ಆ ಸೈನಿಕರನ್ನು ಮಾಡಿಸಿದ ಚಿನ್ ವಂಶದ ಆಡಳಿತದಲ್ಲಿ ಸರ್ಕಾರಿ ಕಾರ್ಖಾನೆಯ ವಸ್ತುವಿನ ಮೇಲೆ ಮಾಡಿದವನ ಹೆಸರು ಇರಲೇಬೇಕಿತ್ತು. ಕೆಲಸ ಕೆಟ್ಟರೆ ಯಾರನ್ನು ಹಿಡಿದು ಕೇಳಬೇಕೆಂದು ತಿಳಿಯಬೇಕಲ್ಲ!

ಅದೇ ಸೈನಿಕನ ಮುಖ ಇವತ್ತು ಕಪ್ಪು-ಬಿಳುಪು ಛಾಯಾಚಿತ್ರವಾಗಿ ಗ್ಯಾಲರಿಯ ಗೋಡೆಗೇರುತ್ತದೆ. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನ ಒಂದು ಸಹಿ, ಇನ್ನೊಂದು ಮೂಲೆಯಲ್ಲಿ 7/25 ಎಂಬಂಥ ಸಂಖ್ಯೆ. ಅಂದರೆ ಇಪ್ಪತ್ತೈದೇ ಪ್ರತಿಗಳು, ಇದು ಏಳನೆಯದು. ಮಣ್ಣಿನ ಮೇಲಿದ್ದ ಹೆಸರು ಮಾಡಿದವನನ್ನು ಕಟ್ಟಿಹಾಕುತ್ತಿತ್ತು, ಕಾಗದದ ಮೇಲಿನ ಹೆಸರು ಬೆಲೆ ಏರಿಸುತ್ತದೆ. ಇಂಥ ಚಿತ್ರಗಳನ್ನು ಸಂಗ್ರಹಿಸುವವರು ಆ ಹಳೆಯ ಅರ್ಥಕ್ಕೇ ಮರಳಬೇಕು, ಛಾಯಾಚಿತ್ರದ ಸಹಿಯನ್ನು ಹೊಣೆಯ ಗುರುತಾಗಿ ಓದಬೇಕು ಎಂಬುದು ನನ್ನ ವಾದ.

ಒಂದು ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ತೆಗೆಯಬಹುದಾದ್ದರಿಂದ ಅವುಗಳಲ್ಲಿ ಅಸಲಿ ಯಾವುದೆಂದು ಕೇಳುವುದೇ ಅರ್ಥವಿಲ್ಲದ ಮಾತು ಎಂದು ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲೇ ವಾದಿಸಿದ್ದ. ಸಂಖ್ಯೆಗೆ ಮಿತಿ ಹಾಕುವ ಪದ್ಧತಿಯ ಮಟ್ಟಿಗೆ ಅವನ ಮಾತು ಇವತ್ತಿಗೂ ಸರಿ. ಪ್ರತಿಗಳ ಕೊರತೆ ನಾವೇ ಹುಟ್ಟಿಸಿದ್ದು. ಆದರೆ ಕತ್ತಲಕೋಣೆಯಲ್ಲಿ ನಿಂತು ಪ್ರಿಂಟ್ ಮಾಡುವವರನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ ಸೈನಿಕನ ಕೆನ್ನೆಯ ಮೇಲೆ ಕೈ ಅಡ್ಡ ಹಿಡಿದರೆ ಆ ಭಾಗ ತಿಳಿಯಾಗುತ್ತದೆ. ಹಿನ್ನೆಲೆಗೆ ಇನ್ನಷ್ಟು ಬೆಳಕು ಬಿಟ್ಟರೆ ಅವನ ಹಿಂದೆ ನಿಂತಿರುವ ಸಾಲೇ ಕಪ್ಪಿನಲ್ಲಿ ಕರಗಿಹೋಗುತ್ತದೆ. ಸಾವಿರಾರು ಜನರ ಪಡೆಯಲ್ಲಿ ಒಬ್ಬನಾಗಿದ್ದವನು ಒಂಟಿ ಮನುಷ್ಯನಾಗುವುದು ಹೀಗೆ. ಇದು ಒಂದು ತೀರ್ಮಾನ, ಸಹಿ ಹಾಕಿದವನು ಇದಕ್ಕೆ ಉತ್ತರ ಕೊಡಬೇಕು.

ಬಣ್ಣದ ಪ್ರಶ್ನೆ ಇನ್ನೂ ದೊಡ್ಡದು. ಈ ಸೈನಿಕರು ಮೊದಲು ಬೂದುಬಣ್ಣದವರಾಗಿರಲಿಲ್ಲ. ಕೆಂಪು, ಹಸಿರು, ನೇರಳೆ, ಮುಖಕ್ಕೆ ಚರ್ಮದ ಬಣ್ಣ, ಎಲ್ಲವೂ ಅವರಿಗಿತ್ತು. ಬಣ್ಣದ ಕೆಳಗೆ ಮರದ ಅಂಟಿನಿಂದ ಮಾಡಿದ ಮೆರುಗಿನ ಲೇಪವಿತ್ತು. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದ ಆ ಲೇಪ ಹೊರಗಿನ ಒಣಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ ಬಣ್ಣದ ಸಮೇತ ಉದುರುತ್ತದೆ. ಹೀಗೆ ಕಳೆದುಹೋಗುವುದು ಬಣ್ಣ ಮಾತ್ರವಲ್ಲ. ಹಾನ್ ವಂಶದ ಜಿಂಗ್ ಚಕ್ರವರ್ತಿ ತೀರಿಕೊಂಡದ್ದು ಕ್ರಿ.ಪೂ. 141ರಲ್ಲಿ. ಯಾಂಗ್‌ಲಿಂಗ್‌ನಲ್ಲಿರುವ ಅವನ ಸಮಾಧಿಯ ಬೊಂಬೆಗಳ ಕತೆ ಇನ್ನೂ ಮನಮುಟ್ಟುವಂಥದ್ದು. ಸುಮಾರು 60 ಸೆಂಟಿಮೀಟರ್ ಎತ್ತರದ ಅವಕ್ಕೆ ಮರದ ತೋಳುಗಳನ್ನು ಜೋಡಿಸಿ, ಬಟ್ಟೆ ತೊಡಿಸಿ ಮಣ್ಣಿನಡಿ ನಿಲ್ಲಿಸಿದ್ದರು. ಮರ ಲಡ್ಡಾಯಿತು, ಬಟ್ಟೆ ಕೊಳೆಯಿತು. ಈಗ ಉಳಿದಿರುವುದು ತೋಳಿಲ್ಲದ, ಬೆತ್ತಲೆಯಾದ, ಮೆಲ್ಲನೆ ನಗುವ ಮೈಗಳು. ಓರೆಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಅವು ಇಪ್ಪತ್ತನೆಯ ಶತಮಾನದ ಶಿಲ್ಪಗಳಂತೆ ಕಾಣುತ್ತವೆ. ಆ ಚೆಲುವು ನನ್ನನ್ನೂ ಹಿಡಿದು ನಿಲ್ಲಿಸುತ್ತದೆ. ಆದರೆ ಅದರಲ್ಲಿ ಅರ್ಧ ಪಾಲು ಗೆದ್ದಲು ಮತ್ತು ತೇವದ್ದು. ಭುಜದಲ್ಲಿರುವ ತೂತು ಮರದ ತೋಳು ಸಿಕ್ಕಿಸಲು ಬಿಟ್ಟದ್ದು. ಆ ತೂತನ್ನು ನೆರಳಿನಲ್ಲಿ ಅಡಗಿಸಿ ತೆಗೆದ ಚಿತ್ರವನ್ನು ನಾನು ಕೊಳ್ಳಲಾರೆ.

ನೋಡಲೆಂದೇ ಮಾಡದ ವಸ್ತುವನ್ನು ಚಿತ್ರ ತೆಗೆದು ಗೋಡೆಗೆ ಹಾಕುವುದೇ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಸತ್ತವರ ಸೇವೆಗೆಂದು ಮುಚ್ಚಿಟ್ಟವು ಅವು. ಮನುಷ್ಯಾಕೃತಿಯ ಬೊಂಬೆಗಳನ್ನು ಹೂಳುವ ರೂಢಿಯನ್ನು ಕನ್‌ಫ್ಯೂಷಿಯಸ್ ಕಟುವಾಗಿ ಖಂಡಿಸಿದ್ದನೆಂದು ಚೀನಾದ ಪ್ರಾಚೀನ ಚಿಂತಕ ಮೆನ್ಷಿಯಸ್ ಹೇಳುತ್ತಾನೆ. ಮನುಷ್ಯನನ್ನೇ ಹೋಲುವ ರೂಪವನ್ನು ಹೂಳುವವರು ಮನುಷ್ಯನನ್ನೂ ಹೂಳಲು ಹೇಸದವರು ಎಂಬ ಭಯ ಆ ಖಂಡನೆಯ ಹಿಂದಿತ್ತು ಎಂದು ನನಗನಿಸುತ್ತದೆ. ಅದಕ್ಕೂ ಹಿಂದೆ, ಷಾಂಗ್ ಅರಸರ ಗೋರಿಗಳಲ್ಲಿ ನಿಜವಾದ ಮನುಷ್ಯರನ್ನೇ ಕೊಂದು ಹೂಳಿದ್ದರು. ಮನುಷ್ಯನ ಬದಲು ಮಣ್ಣು ಬಂದದ್ದು ದೊಡ್ಡ ಹೆಜ್ಜೆ. ಮಣ್ಣಿನ ಬದಲು ಕಾಗದದ ಚಿತ್ರ ಸಾಕು ಎನ್ನುವ ಸಂಗ್ರಾಹಕ ಅದೇ ದಾರಿಯಲ್ಲಿ ಮುಂದಿನ ಹೆಜ್ಜೆ ಇಡುತ್ತಾನೆ. ಗೋರಿಯಲ್ಲಿದ್ದದ್ದನ್ನು ಅವನು ಮನೆಗೆ ತರುವುದಿಲ್ಲ.

ಆದರೆ ಇಷ್ಟಕ್ಕೇ ಚಿತ್ರ ನಿರ್ದೋಷಿಯಾಗುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೋಯಾಂಗ್ ಬಳಿ ರೈಲುದಾರಿ ಹಾಕುವಾಗ ತಾಂಗ್ ವಂಶದ ಕಾಲದ ಗೋರಿಗಳು ತೆರೆದುಕೊಂಡವು. ಮೂರು ಬಣ್ಣದ ಮೆರುಗಿನ ಮಣ್ಣಿನ ಕುದುರೆಗಳೂ ಒಂಟೆಗಳೂ ಅಂಗಡಿಗಳಿಗೆ ಬಂದವು. ಅಲ್ಲಿಂದ ಜಗತ್ತಿನ ಸಂಗ್ರಹಗಳಿಗೆ ಹೋದವು. ಬೇಡಿಕೆ ಹೆಚ್ಚಿದಂತೆ ಗೋರಿ ಅಗೆಯುವವರೂ ಹೆಚ್ಚಿದರು. 2009ರಲ್ಲಿ ಅಮೆರಿಕ ಚೀನಾದೊಡನೆ ಒಪ್ಪಂದ ಮಾಡಿಕೊಂಡು ಇಂಥ ಪ್ರಾಚೀನ ವಸ್ತುಗಳ ಆಮದಿಗೆ ನಿರ್ಬಂಧ ಹಾಕಿದ್ದು ಇದೇ ಕಾರಣಕ್ಕೆ. ಎಲ್ಲಿಂದ ಬಂತೆಂದು ಯಾರೂ ಹೇಳದ ಕುದುರೆಯನ್ನು ಸುಂದರವಾದ ಬೆಳಕಿನಲ್ಲಿ ತೆಗೆದು ಸಹಿ ಹಾಕಿದ ಚಿತ್ರ, ಕದ್ದ ಮಾಲಿಗೆ ಮರ್ಯಾದೆ ತಂದುಕೊಡುತ್ತದೆ. ಹಾಗಾಗಿ ಚಿತ್ರದ ಹಿಂಬದಿಯಲ್ಲಿ ಆ ಶಿಲ್ಪ ಯಾವ ಗೋರಿಯದು, ಈಗ ಎಲ್ಲಿದೆ ಎಂದು ಬರೆದಿರಬೇಕು. ಹೆಸರಿನ ಜೊತೆಗೆ ಈ ವಿವರವನ್ನೂ ಬರೆದರೆ ಮಾತ್ರ ಆ ಸಹಿಗೆ ಬೆಲೆ.

ಎಲ್ಲಿತ್ತೆಂಬುದನ್ನು ದಾಖಲಿಸುವ ಚಿತ್ರಕ್ಕೆ ಒಳ್ಳೆಯ ನಿದರ್ಶನವೊಂದಿದೆ. ತಾಂಗ್ ಚಕ್ರವರ್ತಿ ತೈತ್ಸುಂಗ್‌ನ ಸಮಾಧಿ ಝಾವ್‌ಲಿಂಗ್‌ನಲ್ಲಿದೆ. ಅವನು ಯುದ್ಧಕ್ಕೆ ಏರಿದ್ದ ಆರು ಕುದುರೆಗಳನ್ನು ಏಳನೆಯ ಶತಮಾನದಲ್ಲಿ ಅಲ್ಲಿ ಕಲ್ಲಿನ ಫಲಕಗಳಲ್ಲಿ ಕೆತ್ತಿದ್ದರು. ಫ್ರೆಂಚ್ ವಿದ್ವಾಂಸ ಎದುವಾರ್ ಶವಾನ್ 1907ರ ಯಾತ್ರೆಯಲ್ಲಿ ಆರನ್ನೂ ಅಲ್ಲೇ ಚಿತ್ರ ತೆಗೆದ. ಅವನಿಗೆ ಕಲಾಚಿತ್ರ ತೆಗೆಯುವ ಹಂಬಲವಿರಲಿಲ್ಲ, ಇದ್ದದ್ದನ್ನು ಇದ್ದಂತೆ ದಾಖಲಿಸುವುದಷ್ಟೇ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಫಲಕಗಳನ್ನು ಕಿತ್ತರು. ಅವುಗಳಲ್ಲಿ ಎರಡು, ಲೂ ಎಂಬ ವ್ಯಾಪಾರಿಯ ಕೈದಾಟಿ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂ ಸೇರಿದವು, ನಾಲ್ಕು ಷಿಆನ್‌ನಲ್ಲಿ ಉಳಿದವು. ಫಿಲಡೆಲ್ಫಿಯಾದ ಒಂದು ಫಲಕದಲ್ಲಿ ಸೇನಾನಿಯೊಬ್ಬ ಕುದುರೆಯ ಎದೆಗೆ ನಾಟಿದ ಬಾಣವನ್ನು ಕೈಯಿಂದ ಕೀಳುತ್ತಿದ್ದಾನೆ, ಕುದುರೆ ತಲೆ ತಗ್ಗಿಸಿ ಅವನಿಗೆ ಒರಗಿಕೊಂಡಂತಿದೆ. ಕಲ್ಲಿನ ಮೇಲೆ ಅಡ್ಡಡ್ಡ ಗೆರೆಗಳಿವೆ, ಒಡೆದ ತುಂಡುಗಳನ್ನು ಕೂಡಿಸಿದ ಗೆರೆಗಳು. ಇದರ ಚಿತ್ರ ತೆಗೆಯುವವರು ಎದುರಿನಿಂದ ಮೃದುವಾದ ಬೆಳಕು ಬಿಟ್ಟು ಆ ಗೆರೆಗಳನ್ನು ಅಡಗಿಸಬಹುದು, ಪಕ್ಕದಿಂದ ಬೆಳಕು ಕೊಟ್ಟು ಎದ್ದು ಕಾಣಿಸಲೂಬಹುದು. ನನಗೆ ಬೇಕಾದದ್ದು ಗೆರೆ ಕಾಣುವ ಪ್ರಿಂಟ್. ಬಾಣ ಕೀಳುವ ಆ ಕೈಗಳಿಗೆ ಏಳನೆಯ ಶತಮಾನದ ಶಿಲ್ಪಿ ಹೊಣೆ. ಗೆರೆಗಳಿಗೆ ಹೊಣೆಯಾದವರು ಇಪ್ಪತ್ತನೆಯ ಶತಮಾನದವರು. ಅವರ ಕೆಲಸವೂ ಚಿತ್ರದಲ್ಲಿ ಇರಲಿ.