ಕೃತಜ್ಞತೆ ಯಾರಿಗೆ?

ಹಬ್ಬದ ಊಟಕ್ಕೆ ಮುನ್ನ ದೇವರಿಗೆ ಕೃತಜ್ಞತೆ ಸಲ್ಲಿಸುವ ಮನೆಗಳು ನಮ್ಮಲ್ಲಿ ಅನೇಕ. ಆ ಊಟವನ್ನು ಸಿದ್ಧಪಡಿಸಿದ ಕೈಗಳನ್ನು ನೆನೆಯುವ ಮನೆಗಳೆಷ್ಟು? ದೇವರಿಗೆ ವಂದಿಸಿದ ಮಾತ್ರಕ್ಕೆ ಮನುಷ್ಯರ ಋಣ ತೀರಿತೆಂದು ಭಾವಿಸಬಹುದೇ? ಈ ಪ್ರಶ್ನೆ ನನಗೆ ಎದುರಾದದ್ದು ದೇವಶಾಸ್ತ್ರದ ತರಗತಿಯಲ್ಲಲ್ಲ, ರೋಮ್ ನಗರದ ಒಂದು ಅಡುಗೆಮನೆಯಲ್ಲಿ.

ನಾನು ಅಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ನಮ್ಮ ನಿವಾಸದಲ್ಲಿ ಅಮೆರಿಕದ ಯುವ ಗುರುವೊಬ್ಬರಿದ್ದರು. ಅವರ ದೇಶದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತಾ ದಿನ. 1863ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಅಬ್ರಹಾಂ ಲಿಂಕನ್ ಇಡೀ ರಾಷ್ಟ್ರಕ್ಕೆ ಇಂತಹ ದಿನವನ್ನು ಆಚರಿಸಲು ಕರೆಯಿತ್ತರು. ಆ ದಿನದ ಊಟ ಮುಗಿಯುವುದು ಸಿಹಿಗುಂಬಳದ ಪೈನಿಂದ. ಮೈದಾ ಮತ್ತು ಬೆಣ್ಣೆಯ ಕಣಕವನ್ನು ತಟ್ಟೆಯಲ್ಲಿ ಹಾಸಿ, ಕುಂಬಳ, ಮೊಟ್ಟೆ, ಹಾಲು, ಸಕ್ಕರೆಗಳ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ಭಕ್ಷ್ಯವದು. ರೋಮ್‌ನಲ್ಲಾದರೋ ಆ ಗುರುವಾರ ಎಂದಿನಂತೆ ಪಾಠದ ದಿನ.

ಅವರ ಊರಿನಲ್ಲಿ ಕುಂಬಳದ ತಿರುಳು ಡಬ್ಬಿಯಲ್ಲೇ ಸಿಗುತ್ತದೆ. ನಮಗೆ ಸಿಗಲಿಲ್ಲ. ಮಾರುಕಟ್ಟೆಯಿಂದ ಕಾಯಿ ತಂದು, ಹೆಚ್ಚಿ, ಬೇಯಿಸಿ, ಅರೆದೆವು. ಮೊದಲ ಪೈ ಕೆಟ್ಟಿತು. ಹೂರಣ ನೀರಾಗಿ ಕಣಕ ಒದ್ದೆಯಾಯಿತು. ಕೊನೆಗೆ ಅವರು ತಾಯಿಗೆ ದೂರವಾಣಿ ಕರೆ ಮಾಡಿದರು. ಆ ತಾಯಿಯೂ ಡಬ್ಬಿಯನ್ನೇ ಬಳಸುವವರು. ಆದರೆ ತಮ್ಮ ತಾಯಿ ತಿರುಳನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿಳಿಸುತ್ತಿದ್ದುದನ್ನು ಅವರು ಮರೆತಿರಲಿಲ್ಲ. ಕಣಕವನ್ನು ತಾವು ಪ್ರತಿವರ್ಷ ನಸುಕಿನಲ್ಲೇ ಎದ್ದು ಮಾಡುವುದಾಗಿಯೂ, ಬೆಣ್ಣೆ ಕರಗಬಾರದೆಂದೂ ತಿಳಿಸಿದರು. ಮಗ ಫೋನಿಟ್ಟು ಬಹಳ ಹೊತ್ತು ಸುಮ್ಮನಿದ್ದರು. "ನಸುಕಿನಲ್ಲಿ ಏಳುತ್ತಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ" ಎಂದರು.

ನಾನು ಲವಂಗ, ದಾಲ್ಚಿನ್ನಿ, ಒಣಶುಂಠಿ ಕುಟ್ಟುತ್ತಿದ್ದೆ. ಆ ಪರಿಮಳ ನನ್ನನ್ನು ಕರಾವಳಿಯ ನಮ್ಮ ಮನೆಗೆ ಒಯ್ದಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯ ಕಾಳುಗಳನ್ನು ಹಾಲಿನಲ್ಲಿ ಹಾಕಿ ಅಪ್ಪ ಎಲ್ಲರಿಗೂ ಹಂಚುತ್ತಿದ್ದರು. ಅಷ್ಟು ಬಗೆಯ ತರಕಾರಿ ಹೆಚ್ಚಿ, ಕಾಯಿ ತುರಿದು ಬೇಯಿಸಿದ ಅಮ್ಮ ಎಲ್ಲರ ಕೊನೆಗೆ ಉಣ್ಣುತ್ತಿದ್ದರು. ಅವರು ಯಾವಾಗ ಎದ್ದರೆಂದು ನಾನೂ ಕೇಳಿರಲಿಲ್ಲ. ನನ್ನ ಮಿತ್ರರಿಗೆ ಕೇಳಲು ತಾಯಿಯಿದ್ದರು. ನನ್ನ ತಾಯಿ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಎರಡನೆಯ ಪೈ ನಡುವೆ ಸ್ವಲ್ಪ ಬಿರಿದಿದ್ದರೂ ಚೆನ್ನಾಗಿಯೇ ಬಂತು. "ಎಲ್ಲವನ್ನೂ ಮೊದಲಿನಿಂದ ನಾವೇ ಮಾಡಿದೆವು" ಎಂದು ಸಂತೋಷಪಟ್ಟೆವು. ಅದು ನಿಜವೇ? ಶೂನ್ಯದಿಂದ ಸೃಷ್ಟಿಸುವವನು ದೇವರೊಬ್ಬನೇ. ಮನುಷ್ಯನು ಸದಾ ಮತ್ತೊಬ್ಬರು ಬಿಟ್ಟ ಎಡೆಯಿಂದ ಆರಂಭಿಸುತ್ತಾನೆ. ಕುಂಬಳವನ್ನು ಸಾವಿರಾರು ವರ್ಷಗಳ ಹಿಂದೆಯೇ ಬೆಳೆಸಿ ಪಳಗಿಸಿದವರು ಅಮೆರಿಕದ ಮೂಲನಿವಾಸಿಗಳು. 1621ರಲ್ಲಿ ಪ್ಲಿಮತ್‌ನಲ್ಲಿ ವಲಸಿಗರೊಂದಿಗೆ ಸುಗ್ಗಿಯ ಊಟದಲ್ಲಿ ಕುಳಿತವರು ವಾಂಪನೋಆಗ್ ಜನರು. ಮುಂದೆ ಅವರ ನೆಲವೇ ಅವರಿಂದ ಕೈತಪ್ಪಿತು. 1970ರಿಂದ ಮೂಲನಿವಾಸಿಗಳಲ್ಲಿ ಹಲವರು ಅದೇ ಗುರುವಾರ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಕೊಟ್ಟವರನ್ನು ಮರೆತ ಕೃತಜ್ಞತೆ ಕೇವಲ ಆತ್ಮತೃಪ್ತಿಯಾದೀತು.

ಹಾಗೆಂದು ಡಬ್ಬಿ ತೆರೆಯುವುದು ತಪ್ಪಲ್ಲ. ದಿನವಿಡೀ ದುಡಿದು ಬಂದ ತಾಯಿಗೆ ಅದು ಆಸರೆಯೇ ಸರಿ. ಆದರೆ ಡಬ್ಬಿಯ ಹಿಂದೆಯೂ ಕೈಗಳಿವೆ. ಪರದೇಶದಲ್ಲಿ ಸಿದ್ಧವಸ್ತು ಸಿಗದೆ ಹೋದಾಗ ಮಾತ್ರ ಅವು ನಮ್ಮ ಕಣ್ಣಿಗೆ ಬಿದ್ದವು.

ಪ್ರಿಯ ಓದುಗರೇ, ಬರುವ ಹಬ್ಬದಂದು ಊಟದ ಪ್ರಾರ್ಥನೆಗೆ ಮುನ್ನ ಒಮ್ಮೆ ಅಡುಗೆಮನೆಗೆ ಹೋಗಿ. ಎಷ್ಟು ಹೊತ್ತಿಗೆ ಎದ್ದಿರೆಂದು ಅಲ್ಲಿರುವವರನ್ನು ಕೇಳಿ. ಆ ಬಳಿಕ ಪ್ರಾರ್ಥನೆಗೆ ಅವರನ್ನೂ ಕರೆದು ಕೂರಿಸಿಕೊಳ್ಳಿ.