ವಂಚಕನಿಗೆ ಪತ್ರಗಳ ಮಳೆ: ಅನರ್ಥದಂಡ ವ್ರತದ ದೃಷ್ಟಿಯಲ್ಲಿ ಒಂದು ವಿಚಾರ

ಚತುರ್ದಶಿಯಂದು ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನೊಬ್ಬನು ಬಸದಿಗೆ ಹೋಗಿ, ಜಿನದರ್ಶನವನ್ನು ಮುಗಿಸಿ ಮನೆಗೆ ಮರಳಿದನೆಂದು ಭಾವಿಸಬಹುದು. ಅನ್ನವನ್ನು ತೊರೆದಿದ್ದಾನೆ, ನೀರನ್ನೂ ತೊರೆದಿದ್ದಾನೆ. ಆದರೆ ಹಿಂದಿನ ಸಂಜೆ ಅವನ ವೃದ್ಧ ತಂದೆಯವರು ಬ್ಯಾಂಕಿನ ಹೆಸರಿನಲ್ಲಿ ಬಂದ ಒಂದು ಇ-ಮೇಲನ್ನು ನಂಬಿ, ಅದು ತೋರಿಸಿದ ಪುಟದಲ್ಲಿ ಖಾತೆಯ ಗುಟ್ಟನ್ನೆಲ್ಲ ಬರೆದು, ನಿವೃತ್ತಿಯ ಹಣದಲ್ಲಿ ಬಹುಭಾಗವನ್ನು ಕಳೆದುಕೊಂಡಿದ್ದಾರೆ. ಮಗನ ಮನಸ್ಸು ಕುದಿಯುತ್ತಿದೆ. ಪತ್ರ ಬಂದ ವಿಳಾಸಕ್ಕೆ ಸಾವಿರಾರು ಪತ್ರಗಳನ್ನು ತಾನೇ ತಾನಾಗಿ ಕಳುಹಿಸುವ ಉಪಾಯವೊಂದನ್ನು ಆತನು ಕಂಪ್ಯೂಟರಿನಲ್ಲಿ ಹುಡುಕಿ, ಕಳ್ಳನ ಪೆಟ್ಟಿಗೆ ತುಂಬಿ ತುಳುಕಲಿ ಎಂದು ಸಂಕಲ್ಪಿಸುತ್ತಾನೆ. ತಂದೆಯವರು ಒಳಮನೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಾರೆ.

ಈ ಕಾರ್ಯವು ಯುಕ್ತವೇ, ಇದರಿಂದ ಪ್ರಯೋಜನವುಂಟೇ ಎಂಬುದು ಪ್ರಶ್ನೆ. ಪ್ರಯೋಜನದ ಮಾತನ್ನೇ ಮೊದಲು ವಿಚಾರಿಸತಕ್ಕದ್ದು. ಏಕೆಂದರೆ ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಮಾಡುವ ಪಾಪಕ್ರಿಯೆ; ಪ್ರಯೋಜನವುಂಟೋ ಇಲ್ಲವೋ ಎಂಬುದನ್ನು ಅರಿಯದೆ ವ್ರತಭಂಗದ ಮಾತನ್ನಾಡುವುದು ಸಲ್ಲದು.

ಶ್ರಾವಕನ ಪಕ್ಷದಲ್ಲಿ ಹೇಳಬಹುದಾದ ಮಾತು ಹಗುರವಾದುದಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಲೇಬೇಕೆಂದೂ, ಮನೆಮಠಗಳನ್ನು ಕಾಪಾಡಿಕೊಳ್ಳುವಾಗ ಒದಗುವ ವಿರೋಧೀ ಹಿಂಸೆಯು ಅವನಿಗೆ ಪೂರ್ಣವಾಗಿ ತಪ್ಪದೆಂದೂ ನಿರೂಪಿಸಲಾಗಿದೆ. ಕಳ್ಳನು ಕನ್ನವಿಕ್ಕಿದಾಗ ಕೋಲೆತ್ತಿದವನನ್ನು ಯಾರೂ ದೂಷಿಸುವುದಿಲ್ಲ. ಹಾಗಾದರೆ ಇಲ್ಲಿ ಮಾತ್ರ ದೋಷವೆಲ್ಲಿ?

ಕೋಲು ಬೀಳುವ ಜಾಗದಲ್ಲಿ ಕಳ್ಳನಿಲ್ಲ ಎಂಬಲ್ಲಿಯೇ ದೋಷವಿದೆ. ಇ-ಮೇಲ್ ಸಾಗಾಟಕ್ಕೆ 1982ರಲ್ಲಿ ರೂಪುಗೊಂಡ ನಿಯಮಗಳು ಕಳುಹಿಸಿದವನ ಹೆಸರನ್ನು ಪರೀಕ್ಷಿಸುವ ಏರ್ಪಾಡನ್ನು ಹೊಂದಿರಲಿಲ್ಲ. ಲಕೋಟೆಯ ಹಿಂಬದಿಯಲ್ಲಿ ಯಾರ ಹೆಸರನ್ನಾದರೂ ಬರೆದು ಅಂಚೆಗೆ ಹಾಕಿದಂತೆ ಯಾರ ವಿಳಾಸದಿಂದಲಾದರೂ ಪತ್ರ ಬಂದಂತೆ ತೋರಿಸಬಹುದಾಗಿತ್ತು. ಅನಂತರ ಪರೀಕ್ಷೆಯ ಕ್ರಮಗಳು ಸೇರಿಕೊಂಡವು. ಆದರೆ ಎಲ್ಲೆಡೆಯೂ ಅವು ಬಿಗಿಯಾಗಿ ನಡೆಯುತ್ತಿಲ್ಲ. ಆದುದರಿಂದ ಶ್ರಾವಕನ ಸಾವಿರ ಪತ್ರಗಳು ಯಾವುದೋ ಊರಿನ ನಿರಪರಾಧಿಯ ಪೆಟ್ಟಿಗೆಯನ್ನು ತುಂಬುವ ಸಂಭವವುಂಟು. ವಿಳಾಸವು ವಂಚಕನದೇ ಆಗಿದ್ದರೂ ಅದು ಕಾಸು ಕೊಡದೆ ತೆರೆದ ಖಾತೆ. ತುಂಬಿದರೆ ಇನ್ನೊಂದನ್ನು ತೆರೆಯುತ್ತಾನೆ. ಮೇಲಾಗಿ ಉತ್ತರ ಬರೆದವನ ವಿಳಾಸವು ಜೀವಂತವಾಗಿದೆಯೆಂದು ಅವನಿಗೆ ತಾನಾಗಿಯೇ ತಿಳಿದುಬರುತ್ತದೆ. ಜಿಮೇಲಿನ ಸಾಮಾನ್ಯ ಖಾತೆಯು ದಿನಕ್ಕೆ 500ರ ಮಿತಿಯನ್ನು ದಾಟಗೊಡದೆ, ಕಳುಹಿಸಿದವನನ್ನೇ ತಡೆದು ನಿಲ್ಲಿಸುತ್ತದೆ.

ಒಬ್ಬನ ಕೈ ಸಾಲದಿರಬಹುದು, ಬಹುಜನರು ಕೂಡಿದರೆ ಫಲ ದೊರೆಯದೇ ಎಂದರೆ, ಅದನ್ನೂ ಲೋಕವು ಪರೀಕ್ಷಿಸಿ ನೋಡಿದೆ. 2004ರ ನವೆಂಬರಿನ ಕೊನೆಯಲ್ಲಿ ಯೂರೋಪಿನ ಲೈಕೋಸ್ ಎಂಬ ಸಂಸ್ಥೆಯು, ಕಸದ ಪತ್ರಗಳ ಮೂಲಕ ವ್ಯಾಪಾರ ನಡೆಸುವ ತಾಣಗಳಿಗೆ ಎಡೆಬಿಡದೆ ಬೇಡಿಕೆಗಳನ್ನು ಕಳುಹಿಸಿ ಅವುಗಳ ವೆಚ್ಚವನ್ನು ಹೆಚ್ಚಿಸುವ ಒಂದು ತಂತ್ರಾಂಶವನ್ನು ಹಂಚಿತು. ತಾಣಗಳನ್ನು ನಿಧಾನಗೊಳಿಸುವೆವೇ ಹೊರತು ಕೆಡವುವುದಿಲ್ಲವೆಂದು ಅದು ಹೇಳಿತ್ತು. ಕೆಲವು ತಾಣಗಳು ಪೂರ್ತಿಯಾಗಿ ಬಿದ್ದೇ ಹೋದವು. ಗುರಿಯಾಗಿದ್ದ ಒಂದು ತಾಣದವರು ತಮ್ಮ ಮೇಲೆ ಬಂದ ಪ್ರವಾಹವನ್ನು ಆ ಸಂಸ್ಥೆಯ ಕಡೆಗೇ ತಿರುಗಿಸಿದರು. ಡಿಸೆಂಬರಿನಲ್ಲಿ ಲೈಕೋಸ್ ಇಡೀ ಕಾರ್ಯವನ್ನು ಕೈಬಿಟ್ಟಿತು.

ಅದಕ್ಕಿಂತಲೂ ಗಂಭೀರವಾದುದು ಇಸ್ರೇಲಿನ ಬ್ಲೂ ಸೆಕ್ಯೂರಿಟಿ ಎಂಬ ಸಂಸ್ಥೆಯ ವೃತ್ತಾಂತ. ಅದರ ನಡೆಯಲ್ಲಿ ಒಂದು ಸಂಯಮವಿದ್ದಿತೆಂದು ಒಪ್ಪಬೇಕು. ಬಂದ ಒಂದು ಕಸದ ಪತ್ರಕ್ಕೆ ಒಂದೇ ದೂರು, ಅದಕ್ಕಿಂತ ಹೆಚ್ಚಿಲ್ಲ. ಸದಸ್ಯರ ವಿಳಾಸವನ್ನು ಪಟ್ಟಿಯಿಂದ ತೆಗೆದುಹಾಕಿರೆಂಬ ಬೇಡಿಕೆ ಮಾತ್ರ. ಐದು ಲಕ್ಷದಷ್ಟು ಸದಸ್ಯರು ಸೇರಿದ್ದರು. ಪತ್ರ ಕಳುಹಿಸುವ ದೊಡ್ಡ ಕುಳಗಳಲ್ಲಿ ಹಲವರು ಮಣಿದರೆಂದೂ ಸಂಸ್ಥೆಯು ಹೇಳಿಕೊಂಡಿತು. ಆದರೆ ಮಣಿಯಲೊಲ್ಲದವನೊಬ್ಬನು ಶೋಧಿಸಿದ ಪಟ್ಟಿಯನ್ನೂ ಶೋಧಿಸದ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಬಿಟ್ಟುಹೋದ ಹೆಸರುಗಳೇ ಸದಸ್ಯರದೆಂದು ಕಂಡುಕೊಂಡನು. 2006ರ ಮೇ ತಿಂಗಳಲ್ಲಿ ಅವರಿಗೆ ಬೆದರಿಕೆಯ ಪತ್ರಗಳು ಸುರಿದವು. ಸಂಸ್ಥೆಯ ತಾಣದ ಮೇಲೆ ಭಾರಿ ಪ್ರಹಾರವೂ ನಡೆಯಿತು. ತಾಣದ ದಾರಿಯನ್ನು ಅದು ಬೇರೊಂದೆಡೆಗೆ ತಿರುಗಿಸಿದಾಗ ಪ್ರಹಾರವೂ ಅತ್ತಲೇ ಹರಿದು, ಈ ಜಗಳಕ್ಕೆ ಸಂಬಂಧವೇ ಇಲ್ಲದ ಟೈಪ್‌ಪ್ಯಾಡ್, ಲೈವ್‌ಜರ್ನಲ್ ಎಂಬ ತಾಣಗಳು ಕುಸಿದು, ಅಲ್ಲಿ ಬರೆದುಕೊಂಡಿದ್ದ ಅಸಂಖ್ಯ ಜನರ ಬಾಗಿಲು ಮುಚ್ಚಿತು. ಅದೇ ತಿಂಗಳು ಸಂಸ್ಥೆಯು ಆ ಕಾರ್ಯಕ್ಕೆ ಕೊನೆಹಾಡಿತು. ಸತ್ಯವಾದ ದೂರು, ಲೆಕ್ಕ ತಪ್ಪದ ನಡೆ, ಲಕ್ಷಾಂತರ ಜನರ ಬಲ ಇವೆಲ್ಲ ಇದ್ದೂ ಹೀಗಾಯಿತೆಂದ ಮೇಲೆ, ಲೆಕ್ಕವನ್ನೇ ಇಡದೆ ಕೋಪದಿಂದ ಕಳುಹಿಸುವ ಪತ್ರಗಳ ಮಾತೇನು?

ಪತ್ರದ ಆಚೆಗಿರುವ ಕೈ ಯಾರದೆಂಬುದೂ ಚಿಂತಿಸತಕ್ಕ ವಿಷಯ. ಮ್ಯಾನ್ಮಾರಿನಲ್ಲಿ ಕಡಿಮೆಯೆಂದರೂ 1,20,000 ಜನರನ್ನು, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲಾತ್ಕಾರವಾಗಿ ಇರಿಸಿಕೊಂಡು ಆನ್‌ಲೈನ್ ವಂಚನೆಯ ಕೆಲಸ ಮಾಡಿಸುತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರ ಆಗಸ್ಟಿನಲ್ಲಿ ತಿಳಿಸಿತು. ಉದ್ಯೋಗದ ಆಸೆಯಿಂದ ಹೋಗಿ ಸಿಕ್ಕಿಬಿದ್ದ ಭಾರತೀಯರೂ ಅಂಥವರಲ್ಲಿದ್ದರು. 2025ರ ಮಾರ್ಚಿನಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಎಲ್ಲ ವಂಚಕರೂ ಇಂಥ ಬಂಧಿಗಳಲ್ಲ, ನಿಜ. ಆದರೆ ಬಂಧಿಯಾವನು, ಧನಿಯಾವನು ಎಂದು ಪತ್ರದಿಂದ ತಿಳಿಯುವ ಬಗೆಯಿಲ್ಲ.

ಇನ್ನು ವ್ರತದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ಎಣಿಸಿದ್ದಾರೆ. ಪತ್ರ ಸುರಿಸುವ ಉಪಕರಣವನ್ನು ಗೆಳೆಯರಿಗೂ ಹಂಚಿದರೆ ಅದು ಹಿಂಸಾದಾನ. ಪರರಿಗೆ ಕೇಡಾಗಲೆಂದು ಹಗಲೆಲ್ಲ ಚಿಂತಿಸುತ್ತ ಕೂಡುವುದು ಅಪಧ್ಯಾನ. ಸುಳ್ಳು ಹೆಸರು, ಸುಳ್ಳು ವಿಳಾಸಗಳಿಂದ ಬರೆದರಂತೂ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಅತಿಚಾರವೆಂದು ಎಣಿಸಿದ ಕೂಟಲೇಖಕ್ರಿಯೆಯೇ ಅದು. ವಂಚಕನು ಕೂಟಲೇಖದಿಂದ ತಂದೆಯನ್ನು ಕೆಡಿಸಿದನೆಂದು ಕೋಪಿಸಿಕೊಂಡ ಮಗನು ಅದೇ ಲೇಖನಿಯನ್ನು ಕೈಗೆತ್ತಿಕೊಂಡಂತಾಯಿತು. ವಂಚಕನು ಪೇಚಾಡುವುದನ್ನು ಕಲ್ಪಿಸಿಕೊಂಡು ಹುಟ್ಟುವ ನಗೆಯಿದೆಯಲ್ಲ, ಅದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಹಿಂಸೆಯಲ್ಲಿ ಆನಂದಪಡುವುದು ರೌದ್ರಧ್ಯಾನ. ನಿರಾಹಾರಿಯಾದವನ ಉಪವಾಸವನ್ನು ಅದು ಒಳಗಿನಿಂದಲೇ ತಿಂದುಹಾಕುತ್ತದೆ.

ಹಾಗಾದರೆ ಶ್ರಾವಕನು ಸುಮ್ಮನಿರಬೇಕೇ? ಖಂಡಿತವಾಗಿಯೂ ಬೇಡ. ವಿರೋಧಿಸುವುದಕ್ಕೆ ಬೇರೆ ದಾರಿಯಿದೆ, ಆದರೆ ಅದಕ್ಕೆ ಗಡಿಯಾರದ ಮಿತಿಯಿದೆ. ಹಣವು ಖಾತೆಯಿಂದ ಖಾತೆಗೆ ಹಾರುವ ಮುನ್ನ 1930 ಎಂಬ ಸಹಾಯವಾಣಿಗೆ ತಿಳಿಸಿದರೆ, ನಡುದಾರಿಯಲ್ಲಿಯೇ ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು. ಗ್ರಾಹಕನು ತಾನೇ ಗುಟ್ಟನ್ನು ಬಿಟ್ಟುಕೊಟ್ಟು ಕೆಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಬಳಿಕ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿ ವಿಧಿಸಿತ್ತು. ಅಂದರೆ ಬ್ಯಾಂಕಿಗೆ ಹೇಳುವುದರಲ್ಲಿ ಆಗುವ ಒಂದೊಂದು ಗಳಿಗೆಯ ವಿಳಂಬಕ್ಕೂ ಬೆಲೆಯಿದೆ. ಆ ಇ-ಮೇಲನ್ನು ಅಳಿಸದೆ ಸಾಕ್ಷ್ಯವಾಗಿ ಇಟ್ಟುಕೊಳ್ಳಬೇಕು. ವಂಚಕನಿಗೆ ಒಂದಕ್ಷರವನ್ನೂ ಬರೆಯಕೂಡದು.

ಮೇಲೆ ಹೇಳಿದ ಮನೆಯಲ್ಲಿ ಹಣ ಹೋದದ್ದು ತ್ರಯೋದಶಿಯ ಸಂಜೆ. ಚತುರ್ದಶಿಯ ಮಧ್ಯಾಹ್ನವಾದರೂ ಬ್ಯಾಂಕಿಗಾಗಲಿ 1930ಕ್ಕಾಗಲಿ ಯಾರೂ ತಿಳಿಸಿಲ್ಲ. ಎಷ್ಟು ಹೊತ್ತಿಗೆ, ಯಾವ ಪುಟದಲ್ಲಿ, ಏನೇನು ಬರೆದರೆಂಬುದನ್ನು ಬಲ್ಲವರು ತಂದೆಯವರೊಬ್ಬರೇ. ಅವರು ನಾಚಿಕೆಯಿಂದ ಬಾಯಿಬಿಟ್ಟಿಲ್ಲ. ಮಗನು ಕೇಳಿಯೂ ಇಲ್ಲ. ಅವನು ಮೊದಲು ಮಾಡಬೇಕಾದುದು ಕಂಪ್ಯೂಟರನ್ನು ಮುಚ್ಚಿ, ಒಳಮನೆಗೆ ಹೋಗಿ, ತಂದೆಯವರ ಬಳಿ ಕುಳಿತು, "ಅಪ್ಪಾ, ಏನಾಯಿತೆಂದು ನಿಧಾನವಾಗಿ ಹೇಳಿ, ಇಬ್ಬರೂ ಸೇರಿ ಫೋನ್ ಮಾಡೋಣ" ಎನ್ನುವುದು.