ಪುರುವಿನ ಪಾಲು

ದೀರ್ಘಕಾಲದ ಮನೋರೋಗ ಇರುವವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರ ಹೊರೆ ಎಷ್ಟು ಎಂದು ಅಳೆಯಲು ಚೆನ್ನೈನ ಸ್ಕಾರ್ಫ್ ಸಂಸ್ಥೆಯ ವೈದ್ಯರು 1998ರಲ್ಲಿ 40 ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಮನೆಯವರನ್ನೇ ಮಾತಾಡಿಸಿ, ಅವರ ಮಾತಿನಿಂದಲೇ ರೂಪಿಸಿದ ಪಟ್ಟಿ ಅದು. ಅದಕ್ಕೂ ಮೊದಲು, 1981ರಲ್ಲೇ, ಬೆಂಗಳೂರಿನ ನಿಮ್ಹಾನ್ಸ್‌ನ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಇಂಥದೇ ಕೆಲಸ ಮಾಡಿದ್ದರು. ಮನೆಯ ಖರ್ಚು, ದಿನಚರಿ, ಬಿಡುವು, ಒಬ್ಬರಿಗೊಬ್ಬರ ಮಾತುಕತೆ, ಉಳಿದವರ ಮೈ ಮತ್ತು ಮನಸ್ಸಿನ ಆರೋಗ್ಯ, ಇವೆಲ್ಲ ಹೇಗೆ ಕೆಡುತ್ತವೆ ಎಂದು ಅವರು ಕೇಳಿದರು. ಆವರೆಗೆ ಆಸ್ಪತ್ರೆಯ ಕಣ್ಣಿಗೆ ಮನೆಯವರೆಂದರೆ ಬಹುಮಟ್ಟಿಗೆ ಬಿಲ್ ಕಟ್ಟುವವರು, ಇಲ್ಲವೇ ರೋಗಕ್ಕೆ ಕಾರಣರಾದವರು. ಹಾಸಿಗೆಯ ಪಕ್ಕ ನಿಂತವರ ಕಡೆಗೂ ತಿರುಗಿ ‘ನಿಮಗೆ ಹೇಗಿದೆ?’ ಎಂದು ಕೇಳಿದ್ದು ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಕೇಳುವುದರ ಮೇಲಲ್ಲ, ಕೂಡುವುದರ ಮೇಲೆ. ಇಂಥ ಪಟ್ಟಿಗಳಲ್ಲಿ ಕೊನೆಗೆ ಒಂದು ಮೊತ್ತ ಬರುತ್ತದೆ. ಹತ್ತೊಂಬತ್ತರ ಹುಡುಗಿಗೂ ಅರವತ್ತೊಂಬತ್ತರ ಅಜ್ಜಿಗೂ ಒಂದೇ ಮೊತ್ತ ಬರಬಹುದು. ಇಬ್ಬರ ಹೊರೆಯೂ ಸಮ ಎಂದು ಕಾಗದ ಹೇಳುತ್ತದೆ. ಆದರೆ ಇಬ್ಬರು ಕಳೆದುಕೊಂಡದ್ದು ಒಂದೇ ಏನು?

ಈ ಪ್ರಶ್ನೆಗೆ ನಮ್ಮಲ್ಲಿ ಹಳೆಯದೊಂದು ಕತೆ ಇದೆ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದ ಯಯಾತಿ ಮಕ್ಕಳನ್ನು ಕರೆದು, ನನ್ನ ಮುಪ್ಪು ತೆಗೆದುಕೊಂಡು ನಿಮ್ಮ ಯೌವನ ಕೊಡಿ ಎಂದ. ನಾಲ್ವರು ಒಲ್ಲೆವೆಂದರು (ಅದಕ್ಕೆ ಶಾಪ ತಿಂದರು, ಅದು ಬೇರೆ). ಪುರು ಒಪ್ಪಿದ. ಸಾಮಾನ್ಯವಾಗಿ ಇದನ್ನು ಪಿತೃಭಕ್ತಿಯ ಕತೆಯಾಗಿ ಹೇಳುತ್ತಾರೆ. ನನಗೆ ಅದು ಶುಶ್ರೂಷೆಯ ಒಳಗುಟ್ಟನ್ನು ಹೇಳುವ ಕತೆ. ಮುದುಕರನ್ನೋ ರೋಗಿಯನ್ನೋ ನೋಡಿಕೊಳ್ಳುವವರು ಕೊಡುವುದು ದುಡಿಮೆಯನ್ನಷ್ಟೇ ಅಲ್ಲ, ತಮ್ಮ ವಯಸ್ಸನ್ನು. ಒಂದೊಂದು ವಯಸ್ಸಿಗೂ ಅದರದೇ ಆದ ಪಾಲು ಇರುತ್ತದೆ: ಆಟಕ್ಕೆ, ಓದಿಗೆ, ಹುಡುಕಾಟಕ್ಕೆ, ಸಂಪಾದನೆಗೆ, ದಣಿವಾರಿಸಿಕೊಳ್ಳುವುದಕ್ಕೆ. ಶುಶ್ರೂಷೆ ತಿನ್ನುವುದು ಆ ಪಾಲನ್ನು. ಆದ್ದರಿಂದ ಹೊರೆ ಎಷ್ಟು ಭಾರ ಎಂದು ಕೇಳಿದರೆ ಸಾಲದು, ಯಾವ ವಯಸ್ಸಿನ ಯಾವ ಪಾಲು ಹೋಯಿತು ಎಂದು ಕೇಳಬೇಕು. ನೆರವು ಎಂದರೆ ಏನು ಎಂಬುದೂ ಆಗಲೇ ತಿಳಿಯುತ್ತದೆ.

ಎಳೆಯರಿಂದಲೇ ನೋಡೋಣ, ಏಕೆಂದರೆ ಅವರು ಯಾವ ಲೆಕ್ಕದಲ್ಲೂ ಇಲ್ಲ. ಹದಿಮೂರರ ಹುಡುಗಿಯೊಬ್ಬಳು ಬೆಳಿಗ್ಗೆ ಅಮ್ಮನಿಗೆ ಮಾತ್ರೆ ಕೊಡುತ್ತಾಳೆ. ಅಮ್ಮ ನುಂಗಿದಳೋ ನಾಲಿಗೆಯ ಅಡಿಯಲ್ಲಿ ಇಟ್ಟುಕೊಂಡಳೋ ಎಂದು ಬಾಯಿ ತೆರೆಸಿ ನೋಡುತ್ತಾಳೆ. ತಮ್ಮನ ಊಟದ ಡಬ್ಬಿ ಕಟ್ಟಿ ಎರಡನೆಯ ಪೀರಿಯಡ್‌ಗೆ ಶಾಲೆ ತಲುಪುತ್ತಾಳೆ ಎಂದಿಟ್ಟುಕೊಳ್ಳಿ. ರಜಾ ಚೀಟಿಯಲ್ಲಿ ಅವಳು ಬರೆಯುವುದು ‘ಜ್ವರ’ ಎಂದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ, ಶಾಲೆಯ ಸಮಯ ಬಿಟ್ಟು ಮಗು ಮನೆಯವರಿಗೆ ನೆರವಾಗಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಹಾಗಾಗಿ ಇವಳ ಕೆಲಸ ಕಾನೂನಿನ ಕಣ್ಣಿಗೆ ದುಡಿಮೆಯಲ್ಲ, ಊರಿನ ಕಣ್ಣಿಗೆ ಜಾಣತನ. ‘ಎಷ್ಟು ಜವಾಬ್ದಾರಿ ನೋಡಿ, ದೊಡ್ಡೋರ ಹಾಗೆ’ ಎನ್ನುತ್ತಾರೆ ಪಕ್ಕದ ಮನೆಯವರು. ದೊಡ್ಡವರ ಹಾಗಾದಳು ಎಂಬುದೇ ಅವಳಿಗೆ ಆದ ನಷ್ಟ ಎಂದು ಯಾರಿಗೂ ಹೊಳೆಯುವುದಿಲ್ಲ. ಅವಳಿಗಂತೂ ಹೊಳೆಯುವುದೇ ಇಲ್ಲ, ಬೇರೆ ಬಾಲ್ಯ ಅವಳು ಕಂಡಿಲ್ಲವಲ್ಲ. ಪುರುವನ್ನು ಯಯಾತಿ ಕೇಳಿಯಾದರೂ ತೆಗೆದುಕೊಂಡ. ಇವಳನ್ನು ಕೇಳಿದವರೂ ಇಲ್ಲ. ಜಪಾನ್ ಸರ್ಕಾರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಮ್ಮ ಎಂಟನೆಯ ತರಗತಿಗೆ ಸಮನಾದ ಮಕ್ಕಳಲ್ಲಿ ಸುಮಾರು ಹದಿನೇಳಕ್ಕೆ ಒಬ್ಬರು ತಾವು ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುತ್ತಿದ್ದೇವೆ ಎಂದರು. ಅಲ್ಲಿ ಶಾಲೆಯಲ್ಲಿ ಕೇಳಿದರು, ಅದಕ್ಕೇ ಗೊತ್ತಾಯಿತು.

ಇಪ್ಪತ್ತರ ಹರೆಯದ ನಷ್ಟ ಬೇರೆ ಬಗೆಯದು. ಕೆಲಸದ ಕರೆ ಗುರುಗ್ರಾಮದಿಂದ ಬಂದಿರುತ್ತದೆ, ಅಣ್ಣನಿಗೆ ಸ್ಕಿಜೋಫ್ರೇನಿಯಾ, ಅಪ್ಪನಿಗೆ ಬೈಪಾಸ್ ಆಗಿದೆ. ‘ಒಂದು ವರ್ಷ ಬಿಟ್ಟು ಹೋಗು’ ಎಂದು ಯಾರೋ ಹೇಳುತ್ತಾರೆ. ಆ ವಯಸ್ಸಿನ ಅವಕಾಶಗಳು ಒಂದು ವರ್ಷ ಕಾಯುವುದಿಲ್ಲ. ಮದುವೆಯ ಮಾತು ಬಂದರೆ ಮನೆಯ ರೋಗವನ್ನು ಹೇಳಬೇಕೋ ಮುಚ್ಚಿಡಬೇಕೋ ಎಂಬುದು ಇನ್ನೊಂದು ಸಂಕಟ. ಗಿರೀಶ ಕಾರ್ನಾಡರು 1961ರ ‘ಯಯಾತಿ’ ನಾಟಕದಲ್ಲಿ ಪುರಾಣದಲ್ಲಿಲ್ಲದ ಚಿತ್ರಲೇಖೆಯನ್ನು ಪುರುವಿನ ಹೆಂಡತಿಯಾಗಿ ತಂದದ್ದು ಇಲ್ಲಿ ನೆನಪಾಗುತ್ತದೆ. ಗಂಡ ತನ್ನ ಯೌವನ ದಾನ ಮಾಡಿದರೆ ಹೆಂಡತಿಯ ಯೌವನಕ್ಕೆ ಏನು ಗತಿ? ನಾಟಕದಲ್ಲಿ ಅವಳು ಬದುಕಿ ಉಳಿಯುವುದಿಲ್ಲ. ಇಂಗ್ಲೆಂಡಿಗೆ ಓದಲು ಹೊರಟಿದ್ದ ತರುಣ, ತಂದೆ ತಾಯಿಯ ನಿರೀಕ್ಷೆಯ ಭಾರದ ನಡುವೆ ಬರೆದ ನಾಟಕ ಅದು.

ನಡುವಯಸ್ಸಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ತಾಯಿಗೆ ಮಕ್ಕಳನ್ನು ನೋಡಿಕೊಳ್ಳಲು ಒಟ್ಟು 730 ದಿನ ರಜೆ ಇದೆ. ಹಾಸಿಗೆ ಹಿಡಿದ ಅತ್ತೆಗೋ ಅಪ್ಪನಿಗೋ ಅಂಥ ಪ್ರತ್ಯೇಕ ರಜೆ ಇಲ್ಲ. ಮಗು ನಾಳೆಗೆ ಬೆಳೆಯುತ್ತದೆ, ಮುಪ್ಪು ನಾಳೆಗೆ ಇನ್ನಷ್ಟು ಮುಪ್ಪಾಗುತ್ತದೆ. ಬೆಳೆಯುವುದಕ್ಕೆ ರಜೆ ಕೊಟ್ಟು ಕುಗ್ಗುವುದಕ್ಕೆ ಕೊಡದ ಈ ಏರ್ಪಾಡಿನಲ್ಲಿ ನಮ್ಮ ಒಲವು ಎತ್ತ ಎಂಬುದು ಕಾಣುತ್ತದೆ.

ಇನ್ನು ವೃದ್ಧರನ್ನು ನೋಡಿಕೊಳ್ಳುವ ವೃದ್ಧರು. ಚೆನ್ನೈನ ಪಶ್ಚಿಮ ಮಾಂಬಳ, ಮೈಲಾಪುರ, ನಂಗನಲ್ಲೂರಿನ ಫ್ಲ್ಯಾಟುಗಳಲ್ಲಿ ಇಂಥ ಜೋಡಿಗಳು ತುಂಬ. ಗಂಡನಿಗೆ ಮರೆವಿನ ರೋಗ, ಹೆಂಡತಿಗೆ ಮಂಡಿನೋವು, ಮಗ ನ್ಯೂಜೆರ್ಸಿಯಲ್ಲಿ. ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಡಿಮೆನ್ಷಿಯಾ ಇದೆ ಎಂದು ಅಧ್ಯಯನಗಳ ಅಂದಾಜು. ‘ಅಮ್ಮಾ, ಇನ್ನೊಬ್ಬ ಆಯಾ ಇಟ್ಕೋ, ದುಡ್ಡು ಕಳಿಸ್ತೀನಿ’ ಎನ್ನುತ್ತಾನೆ ಮಗ. ಆಯಾ ಬರುವಳೋ ಇಲ್ಲವೋ ಎಂದು ಕಾಯುವುದು, ಬಂದವಳ ಮನಸ್ಸು ನೋಯದಂತೆ ನಡೆದುಕೊಳ್ಳುವುದು, ಅವಳು ಡೈಪರ್ ಬದಲಿಸಿದಳೇ, ಮಗ್ಗುಲು ಹೊರಳಿಸಿದಳೇ, ಬೆನ್ನಲ್ಲಿ ಹುಣ್ಣೆದ್ದಿದೆಯೇ ಎಂದು ನೋಡುವುದು, ಇವೂ ಕೆಲಸವೇ ಎಂದು ಅವನಿಗೆ ಹೇಗೆ ಹೇಳುವುದು? ‘ಆಯ್ತಪ್ಪಾ’ ಎಂದು ಫೋನ್ ಇಡುತ್ತಾಳೆ.

ಈ ವಯಸ್ಸಿನಲ್ಲಿ ಕಳೆದುಹೋಗುವುದು ವಿಶ್ರಾಂತಿ ಎಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದೊಂದು ಇದೆ. ಮುತ್ತೈದೆಯಾಗಿ ಕಣ್ಣು ಮುಚ್ಚಬೇಕು ಎಂಬುದು ಆ ತಲೆಮಾರಿನ ಹೆಂಗಸರು ಹರಿಶಿನ ಕುಂಕುಮದ ಜೊತೆಗೇ ಪಡೆದುಕೊಂಡ ಆಸೆ. ಗೌರಿಹಬ್ಬದಲ್ಲಿ ಐವತ್ತು ವರ್ಷ ಬೇಡಿಕೊಂಡದ್ದು ಅದನ್ನೇ. ಈಗ ದಿನಾ ದೀಪ ಹಚ್ಚುವಾಗ ಅವಳ ಮನಸ್ಸು ತಿರುಗಾಮುರುಗಾ ಬೇಡುತ್ತದೆ: ಇವರು ನನಗಿಂತ ಮೊದಲು ಹೋಗಲಿ. ಪ್ರೀತಿ ಬತ್ತಿದ್ದರಿಂದ ಅಲ್ಲ, ನಾನು ಮೊದಲು ಹೋದರೆ ಇವರನ್ನು ಎತ್ತಿ ಕೂರಿಸುವವರು ಯಾರು ಎಂಬ ಭಯದಿಂದ. ಈ ಮಾತನ್ನು ಅವಳು ಯಾರ ಬಳಿ ಆಡಿಯಾಳು? ಮಗನ ಬಳಿಯೇ, ತಂಗಿಯ ಬಳಿಯೇ, ಮೈಲಾಪುರದ ಗುಡಿಯ ಕಪಾಲೀಶ್ವರನ ಬಳಿಯೇ? ಬುದ್ಧಿಮಾಂದ್ಯ ಮಗನಿರುವ ಎಪ್ಪತ್ತರ ತಂದೆಯೂ ಇದನ್ನೇ ಬೇಡುತ್ತಾನೆ, ನನಗಿಂತ ಒಂದು ದಿನ ಮೊದಲು ಎಂದು. ಇದನ್ನು ಸಂಸ್ಕೃತಿಯ ಪತನ ಎನ್ನುವವರು ಇದ್ದಾರೆ. ನನ್ನ ಮಟ್ಟಿಗೆ ಇದಕ್ಕಿಂತ ನಿಸ್ವಾರ್ಥವಾದ ಬೇಡಿಕೆ ಇನ್ನೊಂದಿಲ್ಲ. ಆದರೆ ಒಬ್ಬರನ್ನು ಅಲ್ಲಿಯವರೆಗೆ ತಳ್ಳಿದ ಸಮಾಜಕ್ಕೆ ಅದರ ಹೆಮ್ಮೆಯಲ್ಲಿ ಪಾಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಹಗುರವಾದದ್ದಲ್ಲ. ತಂದೆ ತಾಯಿಯನ್ನು, ಗಂಡನನ್ನು ನೋಡಿಕೊಳ್ಳುವುದನ್ನು ‘ಹೊರೆ’ ಎನ್ನುವುದೇ ತಪ್ಪು, ಅದು ಸೇವೆ, ಅದು ಋಣ, ಲೆಕ್ಕ ಹಾಕಿದೊಡನೆ ಅದು ಕೆಡುತ್ತದೆ ಎನ್ನುವ ಆಕ್ಷೇಪ. ಪ್ರೀತಿ ಇರುವಲ್ಲಿ ಲೆಕ್ಕ ಒರಟು, ಒಪ್ಪುತ್ತೇನೆ. ಆದರೆ ಪ್ರೀತಿ ಹೊರೆಯನ್ನು ಹಗುರ ಮಾಡುತ್ತದೆ ಎಂಬುದು ನೋಡಿಕೊಳ್ಳದವರ ಮಾತು. ಪ್ರೀತಿ ಇರುವುದರಿಂದಲೇ ಹೊರೆಯನ್ನು ಕೆಳಗಿಡಲು ಆಗುವುದಿಲ್ಲ. ರಾತ್ರಿ ಮೂರನೆಯ ಬಾರಿ ಬೆಡ್‌ಶೀಟ್ ಬದಲಿಸುವಾಗ ಬರುವ ಸಿಟ್ಟು, ಆ ಸಿಟ್ಟಿಗೆ ಬೆಳಿಗ್ಗೆ ಬರುವ ನಾಚಿಕೆ, ಎರಡೂ ಪ್ರೀತಿಯಿದ್ದಲ್ಲಿ ಮಾತ್ರ ಒಟ್ಟಿಗೆ ಬರುತ್ತವೆ. ಸಂಬಳಕ್ಕೆ ಬಂದ ಹೋಮ್ ನರ್ಸ್‌ಗೆ ಸಿಟ್ಟು ಬಂದರೂ ಈ ನಾಚಿಕೆ ಇಷ್ಟು ಸುಡಲಾರದು.

ಇನ್ನು ಪುರಾಣವೇ ಲೆಕ್ಕ ಹಾಕಿಲ್ಲವೇ? ಸಾವಿರ ವರ್ಷ ಕಳೆದ ಮೇಲೆ ಯಯಾತಿ ಪುರುವಿನ ಯೌವನವನ್ನು ಹಿಂದಕ್ಕೆ ಕೊಟ್ಟ, ಕಿರಿಯನಾದರೂ ರಾಜ್ಯವನ್ನು ಅವನಿಗೇ ಕೊಟ್ಟ. ಕೊಟ್ಟವನಿಗೆ ಮರಳಿ ಸಲ್ಲಬೇಕಾದದ್ದು ಇದೆ ಎಂದು ಕತೆ ಕಟ್ಟಿದವರಿಗೆ ಗೊತ್ತಿತ್ತು. ನಾವು ಕತೆಯ ಮೊದಲರ್ಧವನ್ನು ಮಕ್ಕಳಿಗೆ ಕಲಿಸಿ ಎರಡನೆಯದನ್ನು ನುಂಗಿಕೊಂಡಿದ್ದೇವೆ. ಶ್ರವಣಕುಮಾರನ ಕತೆಯಲ್ಲೂ ಹಾಗೇ, ಕಾವಡಿ ಮಾತ್ರ ನಮ್ಮ ಕಣ್ಣಿಗೆ ಕಟ್ಟಿದೆ. ಬಾಣ ತಗುಲಿದ್ದು ಅವನೊಬ್ಬನಿಗೆ, ಸತ್ತವರು ಮೂವರು. ಒಬ್ಬನೇ ಹೊರುವವನಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕೇ?

ಅಮೆರಿಕದ ತತ್ತ್ವಜ್ಞಾನಿ ಈವಾ ಕಿಟೇ ಇದನ್ನೇ ಇನ್ನೊಂದು ದಾರಿಯಿಂದ ಬಂದು ತಲುಪಿದರು. ತೀವ್ರ ಅಂಗವಿಕಲತೆಯ ಮಗಳನ್ನು ಬೆಳೆಸಿದ ತಾಯಿ ಅವರು. ಇನ್ನೊಬ್ಬರ ಆಸರೆಯಿಲ್ಲದೆ ಬದುಕಲಾರದವರನ್ನು ಹೊತ್ತವರು ತಾವೂ ಆಸರೆ ಬೇಕಾದವರಾಗುತ್ತಾರೆ, ಅವರನ್ನು ಹೊರುವ ಹೊಣೆ ಸುತ್ತಲಿನ ಸಮಾಜದ್ದು ಎಂಬುದು 1999ರಲ್ಲಿ ಬಂದ ಅವರ ಪುಸ್ತಕದ ವಾದ. ಚೆನ್ನೈಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೊಟ್ಟೂರುಪುರಕ್ಕೆ ನುಗ್ಗಿದಾಗ, ಓಡಬಲ್ಲ ಕಾಲಿದ್ದೂ ಓಡಲಾರದವರು ಯಾರೆಂದು ಯೋಚಿಸಿ. ಮಂಚದ ಮೇಲೆ ಒಬ್ಬರು ಮಲಗಿದ್ದರೆ ಆ ಮನೆಯಲ್ಲಿ ಇಬ್ಬರಿಗೆ ಕಾಲಿಲ್ಲ.

ಇದೇ ನಗರ ದಾರಿಯನ್ನೂ ಕಂಡುಕೊಂಡಿತ್ತು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಕಿಲ್ಪಾಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೆ, 1984ರಲ್ಲಿ ಸ್ಕಾರ್ಫ್ ಕಟ್ಟಿದರು. ಆಮೇಲೆ ರೋಗಿಗಳ ಮನೆಯವರೇ ಸೇರುವ ‘ಆಶಾ’ ಎಂಬ ಸಂಘಟನೆಗೂ ಕಾರಣರಾದರು. ತನ್ನಂಥ ಇನ್ನೊಬ್ಬರ ಎದುರು ಕೂತಾಗ ಮಾತ್ರ ಆಡಲಾಗುವ ಮಾತುಗಳಿವೆ. ನಾನು ಮೇಲೆ ಹೇಳಿದ ಬೇಡಿಕೆ ಅವುಗಳಲ್ಲೊಂದು. ಆದರೆ ಸಂಘಟನೆಯ ಸಭೆಗೆ ಹೋಗಲು ಎರಡು ಗಂಟೆ ಬಿಡುವು ಬೇಕು. ಆ ಎರಡು ಗಂಟೆ ಮಂಚದ ಪಕ್ಕ ಯಾರು?

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಎರಡೂ ಆರೈಕೆ ಮಾಡುವವರು ಯಾರೆಂದು ವಿವರಿಸುತ್ತವೆ. ಮೊದಲನೆಯದು ಆರೈಕೆಯ ಭತ್ಯೆಯ ಮಾತನ್ನೂ ಆಡುತ್ತದೆ, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಬೇಲಿಯೊಂದಿಗೆ, ಅದೂ ಅಂಗವಿಕಲರ ಹೆಸರಿನಲ್ಲಿ. ಹೊತ್ತವರಿಗೆ ಈ ಕಾಯ್ದೆಗಳಲ್ಲಿ ಸ್ವಂತ ಹೆಸರಿನ ಭತ್ಯೆ ಇಲ್ಲ. ಬ್ರಿಟನ್ನಿನಲ್ಲಿ 1976ರಲ್ಲಿ ಭತ್ಯೆ ಬಂದಾಗ ಮದುವೆಯಾದ ಹೆಂಗಸರನ್ನು ಹೊರಗಿಟ್ಟರು. ಹೇಗೂ ಮನೆಯಲ್ಲೇ ಇರುತ್ತಾರಲ್ಲ ಎಂಬ ತರ್ಕ. ಯುರೋಪಿನ ನ್ಯಾಯಾಲಯದವರೆಗೆ ಹೋದ ಮೊಕದ್ದಮೆಯೊಂದರಿಂದ 1986ರಲ್ಲಿ ಅದು ಬದಲಾಯಿತು. ನಮ್ಮ ಸೊಸೆಯಂದಿರ ಬಗ್ಗೆ ನಾವು ಇಂದಿಗೂ ಆಡುವ ಮಾತು ಅಕ್ಷರಶಃ ಅದೇ.

ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ವೈದ್ಯ) ಯೋಜನೆ, ಕನ್ನಡಿಗರೂ ಸಾಕಷ್ಟಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ 2021ರ ಆಗಸ್ಟ್‌ನಲ್ಲಿ ಶುರುವಾಯಿತು. ಬಿಪಿ, ಶುಗರ್ ಮಾತ್ರೆ ಮನೆಬಾಗಿಲಿಗೆ ಬರುತ್ತದೆ, ಹಾಸಿಗೆ ಹಿಡಿದವರಿಗೆ ನರ್ಸ್, ಫಿಸಿಯೋಥೆರಪಿಯವರು ಬರುತ್ತಾರೆ. ಒಳ್ಳೆಯ ಕೆಲಸ. ಹೇಗೂ ಮನೆಯೊಳಗೆ ಬಂದವರು, ನೋಡಿಕೊಳ್ಳುವವರ ವಯಸ್ಸು ಎಷ್ಟು ಎಂದು ಕೇಳಿ ಬರೆದುಕೊಳ್ಳಲಿ. ಹದಿಮೂರು ಎಂದರೆ ಶಾಲೆಗೆ ತಿಳಿಸಬೇಕು, ಇಪ್ಪತ್ತೆರಡು ಎಂದರೆ ಓದೋ ಕೆಲಸವೋ ಕೈತಪ್ಪದಂತೆ ನೋಡಬೇಕು, ಎಪ್ಪತ್ತೆರಡು ಎಂದರೆ ಇವರ ನಂತರ ಯಾರು ಎಂಬುದನ್ನು ಈಗಲೇ ಬರಹದಲ್ಲಿ ಗೊತ್ತು ಮಾಡಬೇಕು. ಎಲ್ಲರಿಗೂ ಒಂದೇ ಕೌನ್ಸೆಲಿಂಗ್, ಒಂದೇ ಸಾಂತ್ವನದ ಮಾತು ಕೊಟ್ಟರೆ ಯಾರಿಗೂ ಕೊಟ್ಟಂತಾಗದು.

ಕೊನೆಗೆ, ಶುಶ್ರೂಷೆ ಮುಗಿದ ಮೇಲೆ. ವೈಕುಂಠ ಸಮಾರಾಧನೆ ಆಗಿ ನೆಂಟರು ಹೊರಟ ಮೇಲೆ ನಲವತ್ತೆಂಟರ ಅವಿವಾಹಿತ ಮಗಳಿಗೆ ಉಳಿಯುವುದು ಖಾಲಿ ಮಂಚ, ಹೇಳಿಕೊಳ್ಳಲಾಗದ ಒಂದು ನಿರಾಳ, ಮತ್ತು ಅರ್ಜಿಯಲ್ಲಿ ತುಂಬಲಾಗದ ಹನ್ನೆರಡು ವರ್ಷ. ಜರ್ಮನಿಯಲ್ಲಿ 1995ರಲ್ಲಿ ಜಾರಿಯಾದ ಆರೈಕೆ ವಿಮೆ, ಮನೆಯಲ್ಲಿ ನೋಡಿಕೊಳ್ಳುವವರ ಪಿಂಚಣಿಗೂ ಕಂತು ಕಟ್ಟುತ್ತದೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ ಎನ್ನಬಹುದು. ದುಡ್ಡಿಲ್ಲದೆಯೂ ಆಗುವ ಕೆಲಸವಿದೆ. ತಮಿಳುನಾಡಿನ ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ, ನಿರ್ಗತಿಕ ವಿಧವೆಯರಿಗೆ ವಯೋಮಿತಿ ಸಡಿಲಿಸುತ್ತಾರೆ. ಸೈನಿಕನಿಗೆ ಅದನ್ನು ಕೊಡುವಾಗ ದಯೆ ಎಂದು ಯಾರೂ ಅನ್ನುವುದಿಲ್ಲ, ಅವನ ಆ ವರ್ಷಗಳು ಬೇರೆ ಕಡೆ ಸಂದವು ಎನ್ನುತ್ತಾರೆ. ಈ ಮಗಳ ಹನ್ನೆರಡು ವರ್ಷ ಎಲ್ಲಿ ಸಂದವು ಎಂಬುದಕ್ಕೆ ಆಸ್ಪತ್ರೆಯ ಫೈಲೇ ದಾಖಲೆ. ಪ್ರತಿ ಅಡ್ಮಿಷನ್ ಚೀಟಿಯ ಮೇಲೂ ಅಟೆಂಡರ್ ಎಂಬಲ್ಲಿ ಅವಳ ಸಹಿ ಇದೆ. ವಯೋಮಿತಿ ಸಡಿಲಿಕೆಯ ಆ ಪಟ್ಟಿಗೆ ಅವಳನ್ನೂ ಸೇರಿಸಲು ಒಂದು ಸರ್ಕಾರಿ ಆದೇಶ ಸಾಕು.